ಅಂಜೂರ ತಿಂದ ಯಕೃತ್ತು

ಕ್ರಿಸ್ತಶಕ 8ನೆಯ ಶತಮಾನದಲ್ಲಿ, ಇಂದಿನ ಫ್ರಾನ್ಸಿನ ಉತ್ತರಭಾಗದ ಕ್ರೈಸ್ತಮಠವೊಂದರಲ್ಲಿ, ಲ್ಯಾಟಿನ್ ಬೈಬಲನ್ನು ಓದಹೊರಟು ಹೆಜ್ಜೆಹೆಜ್ಜೆಗೂ ಎಡವುತ್ತಿದ್ದ ಸಂನ್ಯಾಸಿಗಳಿಗೆ ಉಪಕಾರವಾಗಲೆಂದು, ಗ್ರಂಥದಲ್ಲಿಯ ಕಠಿನ ಶಬ್ದಗಳನ್ನು ಆಯ್ದು ಒಂದೊಂದರ ಮಗ್ಗುಲಲ್ಲಿಯೂ ಎಲ್ಲರಿಗೂ ತಿಳಿಯುವ ಶಬ್ದವೊಂದನ್ನು ಬರೆದು ಒಂದು ಕೋಶವನ್ನು ಸಿದ್ಧಪಡಿಸಿದರು. ಅದರ ಪ್ರತಿಯು ಕಾನ್‌ಸ್ಟನ್ಸ್ ಸರೋವರದೊಳಗಣ ರೈಖೆನೌ ಎಂಬ ದ್ವೀಪದ ಮಠದ ಗ್ರಂಥಭಂಡಾರವನ್ನು ಸೇರಿದುದರಿಂದ ವಿದ್ವಾಂಸರು ಅದನ್ನು ರೈಖೆನೌ ಕೋಶವೆಂದೇ ಕರೆಯುವುದುಂಟು. ವಿನೋದವೇನೆಂದರೆ, ಅರ್ಥ ಹೇಳಬೇಕಾಗಿದ್ದ ಶಬ್ದವೂ ಲ್ಯಾಟಿನ್ನು, ಅರ್ಥವೆಂದು ಕೊಟ್ಟ ಶಬ್ದವೂ ಲ್ಯಾಟಿನ್ನು. ಸಂತ ಜೆರೋಮನು ಜನಸಾಮಾನ್ಯರಿಗೆ ತಿಳಿಯಲೆಂದು ಬೈಬಲನ್ನು ಲ್ಯಾಟಿನ್ನಿಗೆ ತಂದು ಸುಮಾರು ನಾಲ್ಕು ಶತಮಾನ ಕಳೆಯುವಷ್ಟರಲ್ಲಿ, ಆ ಲ್ಯಾಟಿನ್ನೇ ಲ್ಯಾಟಿನ್ನಾಡುವವರೆಂದು ತಮ್ಮನ್ನು ಎಣಿಸಿಕೊಂಡಿದ್ದವರಿಗೆ ವ್ಯಾಖ್ಯಾನಾಪೇಕ್ಷಿಯಾಗಿತ್ತು. ತರುವಾಯ 813ರಲ್ಲಿ ತೂರ್ ಪಟ್ಟಣದಲ್ಲಿ ನೆರೆದ ಧರ್ಮಸಭೆಯು, ಉಪದೇಶಗಳನ್ನು ಹಳ್ಳಿಗರ ರೋಮನ್ ನುಡಿಗೆ ತಿರುಗಿಸಿ ಹೇಳತಕ್ಕದ್ದೆಂದು ಪಾದ್ರಿಗಳಿಗೆ ವಿಧಿಸಿತು. ಅಲ್ಲಿಯವರೆಗೆ ಮಠದ ಕೋಶದ ಅಂಚಿನಲ್ಲಿ ಮಾತ್ರ ಕಾಣಿಸಿಕೊಂಡಿದ್ದ ಸಂಗತಿಯನ್ನು ಸಭೆಯೇ ಬಹಿರಂಗವಾಗಿ ಒಪ್ಪಿಕೊಂಡಂತಾಯಿತು.

ಆ ಕೋಶದಲ್ಲಿ 'ಯೆಕೊರೆ' ಎಂಬ ಶಬ್ದದ ಎದುರಿಗೆ 'ಫಿಕಾತೊ' ಎಂದು ಬರೆದಿದೆ. ಹೆಚ್ಚೇನೂ ಇಲ್ಲ, ಎರಡೇ ಪದ. ಮೊದಲನೆಯದು ದೇಹದೊಳಗಿನ ಯಕೃತ್ತನ್ನು ಹೇಳುವ ಶಿಷ್ಟ ಶಬ್ದ. ಎರಡನೆಯದಕ್ಕೆ ಅಕ್ಷರಾರ್ಥ ಮಾಡಿದರೆ 'ಅಂಜೂರಗೊಂಡದ್ದು' ಎಂದಾಗುತ್ತದೆ. ಯಕೃತ್ತಿಗೂ ಅಂಜೂರದ ಹಣ್ಣಿಗೂ ಎತ್ತಣಿಂದೆತ್ತ ಸಂಬಂಧವಯ್ಯಾ ಎಂದು ಕೇಳುವವರಿಗೆ ಉತ್ತರವನ್ನು ಹೇಳುವುದೇ ಈ ವಾರದ ಅಂಕಣದ ಉದ್ದೇಶ.

ಮೊದಲು, ಸೋತುಹೋದ ಶಬ್ದದ ಕುಲಗೋತ್ರಗಳನ್ನು ವಿಚಾರಿಸೋಣ. ಲ್ಯಾಟಿನ್ನಿನಲ್ಲಿ ಅದು ಪ್ರಥಮಾವಿಭಕ್ತಿಯಲ್ಲಿ 'ಯೆಕುರ್', ಗ್ರೀಕಿನಲ್ಲಿ ಅದೇ 'ಹೇಪರ್', ಸಂಸ್ಕೃತದಲ್ಲಿ 'ಯಕೃತ್'. ಸಂಸ್ಕೃತದ ಯಕಾರವಿದ್ದ ಕಡೆ ಗ್ರೀಕಿನಲ್ಲಿ ಪದಾದಿಯ ಹಕಾರವೂ, ಇಲ್ಲಿಯ ಕಕಾರವಿದ್ದ ಕೆಲವು ಕಡೆ ಅಲ್ಲಿ ಪಕಾರವೂ ಬರುವುದು ಭಾಷಾಶಾಸ್ತ್ರಜ್ಞರಿಗೆ ಚಿರಪರಿಚಿತವಾದ ನಿಯಮವಾದುದರಿಂದ, ಕಿವಿಗೆ ದೂರವೆಂದು ತೋರುವ ಈ ಮೂರೂ ಒಂದೇ ತಾಯಿಯ ಮಕ್ಕಳೆಂಬುದರಲ್ಲಿ ಸಂದೇಹವಿಲ್ಲ. ಮುಖಸಾಮ್ಯಕ್ಕಿಂತಲೂ ಬಲವಾದ ಸಾಕ್ಷಿಯೊಂದು ಈ ಮನೆತನದಲ್ಲಿದೆ. ಅದು ವಂಶಪಾರಂಪರ್ಯವಾಗಿ ಬಂದ ಒಂದು ಊನ. ಯಕೃತ್ ಶಬ್ದವು ಎಲ್ಲ ವಿಭಕ್ತಿಗಳಲ್ಲಿಯೂ ಒಂದೇ ಅಂಗದಿಂದ ನಡೆಯಲಾರದು. ದ್ವಿತೀಯಾ ಬಹುವಚನದಿಂದ ಮುಂದಕ್ಕೆ ಅದಕ್ಕೆ 'ಯಕನ್' ಎಂಬ ಆದೇಶವುಂಟೆಂದು ಪಾಣಿನಿಯು ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಆದುದರಿಂದಲೇ 'ಯಕ್ನಾ', 'ಯಕ್ನಃ' ಎಂಬ ರೂಪಗಳು. ಪ್ರಥಮೆಯಲ್ಲಿ ರೇಫದ ಛಾಯೆ, ಉಳಿದೆಡೆ ನಕಾರ. ಲ್ಯಾಟಿನ್ನಿನ ವೈಯಾಕರಣನು ಪಾಣಿನಿಯ ಹೆಸರನ್ನೂ ಕೇಳಿದವನಲ್ಲ. ಆದರೂ ಅವನ ಯೆಕುರ್ ಶಬ್ದವು ಷಷ್ಠಿಯಲ್ಲಿ ಒಮ್ಮೆ 'ಯೆಕೊರಿಸ್' ಎಂದೂ ಮತ್ತೊಮ್ಮೆ ನಕಾರವನ್ನು ನಡುವೆ ತಂದುಕೊಂಡು 'ಯೊಕಿನೆರಿಸ್' ಎಂದೂ ತೊದಲುತ್ತದೆ. ಅಜ್ಜನ ಕುಂಟು ಮೊಮ್ಮಕ್ಕಳ ನಡಗೆಯಲ್ಲಿ ಕಂಡ ಹಾಗೆ ಇದು.

ಇಂಥ ಶಬ್ದವು ರೋಮಿನಲ್ಲಿ ಅಲ್ಪಸ್ವಲ್ಪದ ಗೌರವಕ್ಕೆ ಪಾತ್ರವಾಗಿರಲಿಲ್ಲ. ಬಲಿಕೊಟ್ಟ ಕುರಿಯ ಯಕೃತ್ತನ್ನು ಅಂಗೈಯಲ್ಲಿಟ್ಟುಕೊಂಡು ಅದರ ಉಬ್ಬುತಗ್ಗುಗಳಿಂದ ದೇವತೆಗಳ ಇಚ್ಛೆಯನ್ನು ಓದುವ 'ಹರುಸ್ಪೆಕ್ಸ್' ಎಂಬ ಶಕುನಜ್ಞರಿದ್ದರು. ಈ ವಿದ್ಯೆಯಲ್ಲಿ ರೋಮನರಿಗೆ ಗುರುಗಳೆನಿಸಿದವರು ಎಟ್ರುಸ್ಕನರು. 1877ರಲ್ಲಿ ಇಟಲಿಯ ಪಿಯಾಚೆಂಜ ಪಟ್ಟಣದ ಬಳಿ ಹೊಲವೊಂದರಲ್ಲಿ ಕುರಿಯ ಯಕೃತ್ತಿನ ಆಕಾರದಲ್ಲಿ ಎರಕ ಹೊಯ್ದ ಕಂಚಿನ ಪ್ರತಿಮೆಯೊಂದು ಸಿಕ್ಕಿತು. ಅಂಗೈಯಗಲದ ಆ ಕಂಚಿನ ಅಂಚು 16 ಮನೆಗಳಾಗಿ ವಿಭಾಗಿಸಲ್ಪಟ್ಟಿದೆ. ಒಂದೊಂದು ಮನೆಯಲ್ಲಿಯೂ ದೇವತೆಗಳ ಹೆಸರುಗಳನ್ನು ಎಟ್ರುಸ್ಕನ್ ಲಿಪಿಯಲ್ಲಿ ಕೆತ್ತಿದೆ. ನಮ್ಮ ಜೋಯಿಸರ ಕುಂಡಲಿಯನ್ನು ನೋಡಿದವರಿಗೆ ಅದನ್ನು ಕಂಡರೆ ಆಶ್ಚರ್ಯವಾಗಲಾರದು. ಆದರೆ ಒಬ್ಬ ಹರುಸ್ಪೆಕ್ಸನು ಇನ್ನೊಬ್ಬನನ್ನು ಕಂಡಾಗ ನಗದೆ ಇರುವುದಾದರೂ ಹೇಗೆಂದು ಮುದುಕ ಕೇಟೋ ಸೋಜಿಗಪಡುತ್ತಿದ್ದನೆಂದು ಸಿಸೆರೋ ಬರೆದಿಟ್ಟಿರುವುದರಿಂದ, ನಂಬದವರೂ ಆಗ ಇಲ್ಲದಿರಲಿಲ್ಲವೆಂದು ತಿಳಿಯಬಹುದು. ಅದು ಹೇಗೂ ಇರಲಿ. ಯೆಕುರ್ ಎಂಬುದು ಬಲಿಪೀಠದ ಮಾತು, ಕವಿಗಳ ಮಾತು, ಪ್ರೇಮವೂ ಕ್ರೋಧವೂ ಅಲ್ಲಿಯೇ ಕುದಿಯುತ್ತವೆಂದು ನಂಬಿದ್ದವರ ಮಾತು.

ಪ್ರತಿಸ್ಪರ್ಧಿಯು ಹುಟ್ಟಿದ್ದು ಅಡುಗೆಮನೆಯಲ್ಲಿ. ಹೆಬ್ಬಾತುಗಳಿಗೆ ಅಂಜೂರವನ್ನು ಮೇಯಿಸಿದರೆ ಅವುಗಳ ಯಕೃತ್ತು ಕೊಬ್ಬಿ, ದೊಡ್ಡದಾಗಿ, ಸಿಹಿಯಾಗುವುದೆಂಬುದು ಗ್ರೀಕರಿಗೆ ಗೊತ್ತಿತ್ತು. ರೋಮನರು ಅವರಿಂದ ಕಲಿತರು. ಹೊರೇಸ ಕವಿಯು, ಹೊಸದಾಗಿ ಹಣವಂತನಾದವನೊಬ್ಬನ ಮನೆಯ ಔತಣವನ್ನು ವಿಡಂಬನೆಮಾಡುವ ಕಡೆ, ಅಂಜೂರದಿಂದ ಕೊಬ್ಬಿಸಿದ ಬಿಳಿಯ ಹೆಬ್ಬಾತಿನ ಯಕೃತ್ತನ್ನೂ ಬಡಿಸಿದ್ದಾನೆ. ಹಂದಿಗಳಿಗೆ ಒಣ ಅಂಜೂರವನ್ನು ತಿನ್ನಿಸಿ ಕೊಬ್ಬಿಸಿ, ಕಡೆಗೆ ಜೇನು ಬೆರಸಿದ ಮದ್ಯವನ್ನು ಒಮ್ಮೆಗೇ ಕುಡಿಸಿ ಕೊಲ್ಲುವ ಉಪಾಯವನ್ನು ಕಂಡುಹಿಡಿದವನು ಅಪೀಕಿಯುಸ್ ಎಂಬ ಭೋಜನಪ್ರಿಯನೆಂದು ಪ್ಲಿನಿಯು ತನ್ನ ಪ್ರಕೃತಿಚರಿತ್ರೆಯಲ್ಲಿ ಹೇಳುತ್ತಾನೆ. ತಿನ್ನುವವನ ನಾಲಗೆಗೆ ಹಿತವಾಗಲೆಂದು ಇಷ್ಟು ಕ್ರೂರವಾದ ಸಾವನ್ನು ಇಷ್ಟು ಮಧುರವಾಗಿ ಕಲ್ಪಿಸಿದವರು ಬೇರೆಲ್ಲಿಯೂ ಇರಲಾರರೆಂದು ನನಗನ್ನಿಸುತ್ತದೆ. ಹೀಗೆ ಸಿದ್ಧವಾದ ಪದಾರ್ಥಕ್ಕೆ ಗ್ರೀಕರು 'ಹೇಪರ್ ಸಿಕೋತೊನ್' ಎಂದು ಹೆಸರಿಟ್ಟಿದ್ದರು. 'ಸಿಕೊನ್' ಎಂದರೆ ಅಂಜೂರ. ಅದನ್ನು ಅಚ್ಚುಕಟ್ಟಾಗಿ ಅನುವಾದಿಸಿಕೊಂಡ ರೋಮನರು, ತಮ್ಮಲ್ಲಿ ಅಂಜೂರಕ್ಕಿದ್ದ 'ಫೀಕುಸ್' ಎಂಬ ಶಬ್ದದಿಂದ 'ಫೀಕಾತುಂ' ಎಂಬ ವಿಶೇಷಣವನ್ನು ಮಾಡಿ, 'ಯೆಕುರ್ ಫೀಕಾತುಂ' ಎಂದರು. ಆಲ, ಅರಳಿ, ಅತ್ತಿ ಮೊದಲಾದ ನಮ್ಮ ಪೂಜ್ಯವೃಕ್ಷಗಳನ್ನೆಲ್ಲ ಸಸ್ಯಶಾಸ್ತ್ರಜ್ಞರು 'ಫೈಕಸ್' ಎಂಬ ಒಂದೇ ಕುಲಕ್ಕೆ ಸೇರಿಸಿರುವುದು ಈ ಫೀಕುಸಿನ ಹೆಸರಿನಲ್ಲಿಯೇ.

ಮುಂದೆ ನಡೆದುದನ್ನು ವಿವರಿಸುವುದಕ್ಕೆ ನಾನು ರೋಮಿನವರೆಗೆ ಹೋಗಬೇಕಾದ್ದಿಲ್ಲ. ನಮ್ಮ ಯಾವ ಹೋಟೆಲಿನಲ್ಲಾದರೂ ಒಂದು ಗಳಿಗೆ ಕುಳಿತರೆ, ಮಾಣಿಯು ಒಳಕ್ಕೆ ತಲೆಹಾಕಿ 'ಎರಡು ಮಸಾಲೆ, ಒಂದು ಖಾಲಿ' ಎಂದು ಕೂಗುವುದು ಕೇಳಿಬರುತ್ತದೆ. ಒಳಗಿರುವ ಭಟ್ಟರು ಮಸಾಲೆಯ ಡಬ್ಬವನ್ನು ಕೊಡುವುದಿಲ್ಲ, ಬರಿದಾದ ತಟ್ಟೆಯನ್ನೂ ಕಳಿಸುವುದಿಲ್ಲ. ಮೂರು ದೋಸೆಗಳು ಬರುತ್ತವೆ. ವಿಶೇಷಣವನ್ನು ಹೇಳಿದರೆ ವಿಶೇಷ್ಯವು ತಾನಾಗಿಯೇ ತಿಳಿಯುವ ಕಡೆ ವಿಶೇಷ್ಯವನ್ನು ಬಾಯಿ ಹೇಳದು. ಹಾಗೆಯೇ ರೋಮಿನ ಅಡಿಗೆಯವನ ಬಾಯಲ್ಲಿ 'ಯೆಕುರ್' ಎಂಬುದು ಉದುರಿಹೋಗಿ 'ಫೀಕಾತುಂ' ಒಂದೇ ಉಳಿಯಿತು. ಅಪೀಕಿಯುಸನ ಹೆಸರಿನಲ್ಲಿ ನಮಗೆ ದೊರೆತಿರುವ ಪಾಕಶಾಸ್ತ್ರಗ್ರಂಥದಲ್ಲಿ ಆಗಲೇ ಅದು ಒಂಟಿಯಾಗಿ, ಸ್ವತಂತ್ರ ನಾಮಪದವಾಗಿ, ಪಾಕದ ತಲೆಬರಹವಾಗಿ ನಿಂತಿದೆ. ಬಳಿಕ ಅಂಜೂರದ ಮಾತು ಮರೆಯಿತು. ಅಂಜೂರವನ್ನು ಕಣ್ಣಿನಿಂದಲೂ ಕಾಣದ ಕುರಿಯ ಯಕೃತ್ತೂ ಫೀಕಾತುಂ ಎನಿಸಿತು. ತನ್ನಲ್ಲಿರುವ ಸಾಧಾರಣ ಸರಕಿಗೂ ಉತ್ತಮ ಸರಕಿನ ಹೆಸರನ್ನೇ ಕೂಗುವ ಮಾಂಸದಂಗಡಿಯವನ ಚಾತುರ್ಯವು ಇದರಲ್ಲಿ ಸ್ವಲ್ಪವಾದರೂ ಇದ್ದಿರಬೇಕೆಂಬುದು ನನ್ನ ಊಹೆ. ಕಡೆಗೆ ಮನುಷ್ಯನ ಹೊಟ್ಟೆಯೊಳಗಿನದಕ್ಕೂ ಅದೇ ಹೆಸರಾಯಿತು.

ವಿಶೇಷಣವು ಹೀಗೆ ವಿಶೇಷ್ಯದ ಮನೆಯನ್ನು ಆಕ್ರಮಿಸಿಕೊಂಡ ನಿದರ್ಶನಗಳು, ಲ್ಯಾಟಿನ್ನಿನಿಂದ ಹುಟ್ಟಿದ ರೋಮಾನ್ಸ್ ಭಾಷೆಗಳಲ್ಲಿ ಹೇರಳವಾಗಿವೆ. ಒಡಹುಟ್ಟಿದ ಅಣ್ಣತಮ್ಮನನ್ನು ಹೇಳುವ 'ಫ್ರಾತೆರ್ ಗೆರ್ಮಾನುಸ್' ಎಂಬುದರಲ್ಲಿ ನಮ್ಮ ಭ್ರಾತೃವಿಗೆ ಸೋದರನಾದ 'ಫ್ರಾತೆರ್' ಸ್ಪೇನಿನಲ್ಲಿ ಬಿದ್ದುಹೋಗಿ, ಉಳಿದ ವಿಶೇಷಣದಿಂದ 'ಎರ್ಮಾನೊ' ಬಂದಿತು. ಅಚ್ಚಿನಲ್ಲಿ ಒತ್ತಿದ ಚೀಸಿನ 'ಅಚ್ಚಿನ' ಎಂಬರ್ಥದ ಮಾತೇ ಫ್ರೆಂಚರ 'ಫ್ರೊಮಾಜ್' ಆಯಿತು. ರೈಖೆನೌ ಕೋಶದಲ್ಲಿ 'ಕಾಸೆಉಂ' ಎಂಬುದಕ್ಕೆ 'ಫೊರ್ಮಾತಿಕುಂ' ಎಂದು ಅರ್ಥ ಹೇಳಿರುವುದು ಇದನ್ನೇ. ಆದರೆ ಚೀಸಿನ ವಿಷಯದಲ್ಲಿ ಸ್ಪೇನಿನವರು 'ಕೇಸೊ' ಎಂದು ಹಳೆಯ ಶಬ್ದವನ್ನೇ ಉಳಿಸಿಕೊಂಡರು, ರುಮೇನಿಯದವರೂ ಅದರ ಪೀಳಿಗೆಯೊಂದನ್ನು ಕಾಪಾಡಿಕೊಂಡರು. ಯಕೃತ್ತಿನ ವಿಷಯದಲ್ಲಿ ಮಾತ್ರ ಹೊಸ ಶಬ್ದವು ಎಲ್ಲಿಯೂ ಸೋಲಲಿಲ್ಲ. ಅಟ್ಲಾಂಟಿಕ್ ತೀರದ ಪೋರ್ತುಗಲ್ಲಿನಿಂದ ಕಪ್ಪುಸಮುದ್ರದ ರುಮೇನಿಯದವರೆಗೆ ಅದರದೇ ಏಕಚ್ಛತ್ರಾಧಿಪತ್ಯ. ಇದನ್ನು ನೋಡಿದರೆ, ಈ ಬದಲಾವಣೆಯು ಸಾಮ್ರಾಜ್ಯವು ಚೂರುಚೂರಾಗಿ, ಪೂರ್ವಪಶ್ಚಿಮಗಳ ನಡುವಣ ಹಾದಿಗಳು ಮುಚ್ಚುವುದಕ್ಕೆ ಮುಂಚೆಯೇ ಹಬ್ಬಿದ್ದಿರಬೇಕೆಂದು ಊಹಿಸುವುದು ಯುಕ್ತ.

ಯೆಕುರ್ ಶಬ್ದವೇಕೆ ಹೀಗೆ ನಿಸ್ಸಂತಾನವಾಯಿತು? ಅಡುಗೆಯವನ ಪ್ರಭಾವವೊಂದನ್ನೇ ಹೇಳಿದರೆ ಸಾಲದು. ವ್ಯಾಕರಣವನ್ನು ಕಲಿಯದೆ ಭಾಷೆಯನ್ನಾಡುವ ಸೈನಿಕ, ರೈತ, ಗುಲಾಮ ಇವರಿಗೆ, ಎರಡು ಅಂಗಗಳ ನಡುವೆ ಓಲಾಡುವ ಶಬ್ದಕ್ಕಿಂತಲೂ, ಎಲ್ಲ ವಿಭಕ್ತಿಗಳಲ್ಲಿಯೂ ಋಜುವಾಗಿ ನಡೆಯುವ ಫೀಕಾತುಂ ಸುಲಭವೆನಿಸಿದ್ದು ಸಹಜ. ಮೊದಲು ಹೇಳಿದ ಕುಲಪರಂಪರೆಯ ಊನವೇ ಅದಕ್ಕೆ ಮೃತ್ಯುವಾಯಿತೆನ್ನಬೇಕು. ಈ ದುರ್ಗತಿ ಅದೊಂದಕ್ಕೇ ಬಂದುದೂ ಅಲ್ಲ. ಸಂಸ್ಕೃತಜ್ಞನಿಗೆ ಲ್ಯಾಟಿನ್ನಿನಲ್ಲಿ ಕಂಡೊಡನೆ ನೆಂಟರೆಂದು ಗುರುತು ಹತ್ತುವ ಶಬ್ದಗಳಲ್ಲಿ ಹಲವು ಜನರ ಬಾಯಲ್ಲಿ ಉಳಿಯಲೇ ಇಲ್ಲ. ಅಗ್ನಿಗೆ ಸೋದರನಾದ 'ಇಗ್ನಿಸ್' ಆರಿಹೋಗಿ, ಮನೆಯ ಒಲೆಯನ್ನು ಹೇಳುತ್ತಿದ್ದ 'ಫೋಕುಸ್' ಎಂಬುದು ಬೆಂಕಿಗೆ ಹೆಸರಾಯಿತು. ಇಟಲಿಯ 'ಫ್ವೋಕೊ', ಸ್ಪೇನಿನ 'ಫ್ವೇಗೊ' ಅದರ ಮಕ್ಕಳು. ಅಶ್ವಕ್ಕೆ ಸೋದರನಾದ 'ಎಕ್ವುಸ್' ಹೋಗಿ, ಹೊರೆ ಹೊರುವ ಬಡಕುದುರೆಯ ಹೆಸರಾದ 'ಕಬಾಲ್ಲುಸ್' ರಾಜಲಾಯವನ್ನು ಸೇರಿತು. ಹೆಣ್ಣುಕುದುರೆ ಮಾತ್ರ ಸ್ಪೇನಿನಲ್ಲಿಯೂ ರುಮೇನಿಯದಲ್ಲಿಯೂ ಹಳೆಯ ಹೆಸರನ್ನು ಬಿಡಲಿಲ್ಲ. ತಾಯಿ, ತಂದೆ, ರಾತ್ರಿ, ಹಲ್ಲು ಇವುಗಳ ಹೆಸರುಗಳಿಗೆ ಇಂಥ ವಿಪತ್ತು ಬಹುಮಟ್ಟಿಗೆ ಒದಗಲಿಲ್ಲವೆಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು.

ಗೆದ್ದ ಶಬ್ದವು ಯಾವ ವೇಷದಲ್ಲಿ ಮುಂದಕ್ಕೆ ಹೊರಟಿತೆಂಬುದನ್ನೂ ನೋಡತಕ್ಕದ್ದು. ಲ್ಯಾಟಿನ್ನಿನ ನಾಮಪದಗಳಿಗೆ ಆರು ವಿಭಕ್ತಿಗಳಿದ್ದರೂ, ರೋಮಾನ್ಸ್ ಭಾಷೆಗಳು ಸಾಮಾನ್ಯವಾಗಿ ಬಾಚಿಕೊಂಡದ್ದು ದ್ವಿತೀಯಾವಿಭಕ್ತಿಯ ರೂಪವನ್ನು. ರಾತ್ರಿಗೆ ಪ್ರಥಮೆಯಲ್ಲಿ 'ನೊಕ್ಸ್', ದ್ವಿತೀಯೆಯಲ್ಲಿ 'ನೊಕ್ತೆಂ'. ಇಟಲಿಯ 'ನೊತ್ತೆ', ಸ್ಪೇನಿನ 'ನೋಚೆ', ರುಮೇನಿಯದ 'ನ್ವಾಪ್ತೆ' ಎಲ್ಲವೂ ಎರಡನೆಯದರ ಸಂತಾನ. ಎಲ್ಲೋ ಅಪರೂಪಕ್ಕೆ ಎರಡೂ ಉಳಿದದ್ದುಂಟು: ಮನುಷ್ಯನನ್ನು ಹೇಳುವ 'ಹೊಮಿನೆಂ' ಎಂಬ ದ್ವಿತೀಯೆಯಿಂದ ಫ್ರೆಂಚಿನ 'ಒಮ್' ಬಂದರೆ, 'ಹೊಮೊ' ಎಂಬ ಪ್ರಥಮೆಯೇ ಸವೆದು ಸವೆದು, ಯಾರೋ ಒಬ್ಬರೆಂಬ ಅನಿರ್ದಿಷ್ಟಾರ್ಥದ 'ಒಂ' ಎಂಬ ಸರ್ವನಾಮವಾಗಿ ಇಂದಿಗೂ ಪ್ರತಿ ವಾಕ್ಯದಲ್ಲಿ ಇಣಿಕುತ್ತದೆ. ಕನ್ನಡವು ಸಂಸ್ಕೃತದಿಂದ ತೆಗೆದುಕೊಳ್ಳುವಾಗ ರಾಜಾ, ಪಿತಾ ಎಂಬ ಪ್ರಥಮೆಯನ್ನು ಕಂಡು ರಾಜ, ಪಿತ ಎಂದು ಮಾಡಿಕೊಂಡಿತು. ಅವರು ಕರ್ಮದ ರೂಪವನ್ನು ಹಿಡಿದರು. ಆದರೆ ನಾವು ಕಡ ತಂದವರು, ಅವರು ಪಿತ್ರಾರ್ಜಿತವನ್ನು ಪಡೆದವರು. ಈ ಭೇದವನ್ನು ಮರೆಯಲಾಗದು. ಫೀಕಾತುಂ ನಪುಂಸಕವಾಗಿದ್ದುದರಿಂದ ಅದರ ಪ್ರಥಮೆಗೂ ದ್ವಿತೀಯೆಗೂ ರೂಪಭೇದವಿರಲಿಲ್ಲ. ಕಡೆಯ ಮಕಾರವು ಜನರ ಬಾಯಲ್ಲಿ ಬಹುಕಾಲದಿಂದಲೂ ಮೌನವಾಗಿತ್ತು. ನಪುಂಸಕಲಿಂಗವೇ ಬಹುತೇಕ ಅಳಿಯುತ್ತ ಬಂದುದರಿಂದ, ನಮ್ಮ ಶಬ್ದವು ಪುಲ್ಲಿಂಗದ ಸಾಲಿನಲ್ಲಿ ಹೋಗಿ ನಿಂತಿತು.

ಉಚ್ಚಾರಣೆಯ ಕಥೆ ಇಷ್ಟು ಸರಳವಲ್ಲ. ಲ್ಯಾಟಿನ್ನಿನ ನಿಯಮದಂತೆ ಸ್ವರಾಘಾತವು ನಡುವಣ ದೀರ್ಘದ ಮೇಲೆ ಬೀಳಬೇಕು: ಫೀಕಾ-ತುಂ. ರುಮೇನಿಯದವರ 'ಫಿಕಾತ್', ವೆನಿಸ್ಸಿನವರ 'ಫಿಗಾ' ಇವೆರಡೂ ಆ ನಿಯಮಕ್ಕೆ ನಿಷ್ಠವಾಗಿವೆ. ಆದರೆ ಇಟಲಿಯ ಶಿಷ್ಟಭಾಷೆಯ 'ಫೇಗತೊ', ಸ್ಪೇನಿನ 'ಈಗದೊ', ಪೋರ್ತುಗಲ್ಲಿನ 'ಫೀಗದು' ಇವುಗಳಲ್ಲಿ ಆಘಾತವು ಮೊದಲ ಅಕ್ಷರಕ್ಕೆ ಜಿಗಿದಿದೆ. ಇದಕ್ಕೆ ಗ್ರೀಕಿನ ಸಿಕೋತೊನ್ ಎಂಬುದನ್ನು ರೋಮನರು ತಮ್ಮದೇ ರೀತಿಯಲ್ಲಿ ಒತ್ತಿ ನುಡಿದುದರ ಪ್ರಭಾವವೇ ಕಾರಣವೆಂದು ಅನೇಕ ಪಂಡಿತರ ಅಭಿಪ್ರಾಯ. ಅನುವಾದವಾದ ಮೇಲೆಯೂ ಮೂಲವು ಅನುವಾದದ ಕಿವಿ ಹಿಂಡುತ್ತ ನಿಂತಿತೆಂದು ಇದರರ್ಥ. ಕತಲಾನಿನಲ್ಲಿ ವ್ಯಂಜನಗಳೇ ಸ್ಥಾನಪಲ್ಲಟಗೊಂಡು, ಕಕಾರ ತಕಾರಗಳು ಒಂದರ ಜಾಗಕ್ಕೊಂದು ಹೋಗಿ, 'ಫೆಡ್ಜ' ಎಂಬ ವಿಲಕ್ಷಣ ರೂಪವು ಉಂಟಾಯಿತು.

ಸ್ಪೇನಿನವರ ಈಗದೊ ಎಂಬುದರ ಮೊದಲಲ್ಲಿದ್ದ ಫಕಾರ ಎಲ್ಲಿ ಹೋಯಿತೆಂಬ ಪ್ರಶ್ನೆಯು ಕನ್ನಡಿಗನಿಗೆ ಪ್ರಶ್ನೆಯೇ ಅಲ್ಲ. ಕ್ಯಾಸ್ತಿಲಿಯನ್ ಭಾಷೆಯಲ್ಲಿ ಪದಾದಿಯ ಫಕಾರವು ಮೊದಲು ಹಕಾರವಾಯಿತು, ಅನಂತರ ಆ ಹಕಾರವೂ ಬಾಯಿಂದ ಜಾರಿ ಬರವಣಿಗೆಯಲ್ಲಿ ಮಾತ್ರ ಉಳಿಯಿತು: ಹಿಟ್ಟಿಗೆ ಹೆಸರಾದ 'ಫರೀನ' ಈಗ 'ಅರೀನ', ಹೊಗೆಯಾದ 'ಫೂಮುಂ' ಈಗ 'ಊಮೊ'. ಹಳಗನ್ನಡದ ಪಾಲು, ಪುಲಿ, ಪೂ ಇವು ನಡುಗನ್ನಡದಲ್ಲಿ ಹಾಲು, ಹುಲಿ, ಹೂ ಆದುದನ್ನೂ, ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅದೇ ಹಾಲು 'ಆಲು' ಎಂದೂ ಹೂವು 'ಊವು' ಎಂದೂ ಕೇಳಿಬರುವುದನ್ನೂ ಬಲ್ಲ ನಮಗೆ, ಸ್ಪೇನಿನ ಪ್ರಸ್ಥಭೂಮಿಯ ರೈತನ ನಾಲಗೆಯು ಅಪರಿಚಿತವೆನಿಸದು. ಎರಡು ಜನಾಂಗಗಳಿಗೂ ಯಾವ ಸಂಪರ್ಕವೂ ಇರಲಿಲ್ಲ. ತುಟಿಗಳ ಆಲಸ್ಯ ಮಾತ್ರ ಸಮಾನ. ಹಣ್ಣಿನ ಹೆಸರಿಗೂ ಅಲ್ಲಿ ಅದೇ ಗತಿಯಾಗಿ ಅಂಜೂರವು 'ಈಗೊ' ಎಂದಾದುದರಿಂದ, ಈಗೊ ಈಗದೊ ಎಂಬ ಎರಡು ಮಾತುಗಳು ಸ್ಪೇನಿನ ಮಾರುಕಟ್ಟೆಯಲ್ಲಿ ಇಂದಿಗೂ ಅಕ್ಕತಂಗಿಯರಂತೆ ಕೇಳಿಸುತ್ತವೆ, ಕೊಳ್ಳುವವರಿಗೆ ಅವುಗಳ ನಂಟು ಹೊಳೆಯದಿದ್ದರೂ.

ಫ್ರೆಂಚರ ಸ್ವಭಾವ ಬೇರೆ. ಸ್ವರಗಳ ನಡುವೆ ಸಿಕ್ಕಿದ ವ್ಯಂಜನವನ್ನು ಮೆಲ್ಲಮೆಲ್ಲನೆ ಅಗಿದು ನುಂಗುವುದು ಅವರ ಭಾಷೆಯ ಚಾಳಿಯಾದುದರಿಂದ, ಮೂರಕ್ಷರದ ಫೀಕಾತುಂ ಅವರಲ್ಲಿ 'ಫ್ವಾ' ಎಂಬ ಒಂದಕ್ಷರಕ್ಕೆ ಇಳಿದಿದೆ. ನಂಬಿಕೆ ಎಂಬರ್ಥದ ಶಬ್ದವೂ ಫ್ವಾ, ಸಲ ಎಂಬರ್ಥದ ಶಬ್ದವೂ ಫ್ವಾ. ಮೂರಕ್ಕೂ ಬರವಣಿಗೆ ಬೇರೆ, ಮೂಲ ಬೇರೆ, ಕಿವಿಗೆ ಮಾತ್ರ ಭೇದವಿಲ್ಲ. ಹೆಬ್ಬಾತಿನ ಕೊಬ್ಬಿದ ಯಕೃತ್ತನ್ನು ಅವರು 'ಫ್ವಾ ಗ್ರಾ' ಎಂದು ಕರೆದು ಲೋಕಪ್ರಸಿದ್ಧಗೊಳಿಸಿದ್ದಾರೆ. 'ಗ್ರಾ' ಎಂದರೆ ಕೊಬ್ಬಿದ್ದು. ಮೇಯಿಸಿ ಕೊಬ್ಬಿಸಿದ್ದೆಂಬ ಅರ್ಥವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹುಟ್ಟಿದ ಶಬ್ದಕ್ಕೆ ಅದೇ ಅರ್ಥದ ವಿಶೇಷಣವನ್ನು ಮತ್ತೆ ತೊಡಿಸಬೇಕಾಯಿತು, ಗೇಟಿಗೆ ಗೇಟುಬಾಗಿಲೆಂದು ಹೆಸರಿಟ್ಟ ಹಾಗೆ. ಈಗ ಆ ಹಕ್ಕಿಗಳಿಗೆ ಅಂಜೂರವನ್ನೂ ಯಾರೂ ತಿನ್ನಿಸುವುದಿಲ್ಲ. ಕೊಲಂಬಸ್ಸನ ತರುವಾಯ ಅಮೆರಿಕದಿಂದ ಬಂದ ಮುಸುಕಿನ ಜೋಳವನ್ನು ಗಂಟಲಿಗೆ ತುಂಬುತ್ತಾರೆ; ಹಣ್ಣು ಹೆಸರಿನಲ್ಲಿ ಮಾತ್ರ.

ಇನ್ನೊಂದು ವಿಚಿತ್ರವನ್ನು ಹೇಳದೆ ಬಿಡಲಾರೆ. ನಾವು ಧೈರ್ಯಶಾಲಿಯನ್ನು ಗುಂಡಿಗೆಯುಳ್ಳವನೆನ್ನುತ್ತೇವೆ. ಇಟಲಿಯವರು ಅಂಥವನಿಗೆ 'ಫೇಗತೊ' ಇದೆಯೆನ್ನುತ್ತಾರೆ, ಸ್ಪೇನಿನವರೂ ಅದನ್ನೇ ಬಹುವಚನದಲ್ಲಿ ಹೇಳುತ್ತಾರೆ. ಆದರೆ ಫ್ರೆಂಚರ ಆಡುಮಾತಿನಲ್ಲಿ ಒಬ್ಬನಿಗೆ 'ಫ್ವಾ'ಗಳಿವೆ ಎಂದರೆ ಅವನು ಹೆದರಿ ನಡುಗುತ್ತಿದ್ದಾನೆಂದರ್ಥ. ಆಲ್ಪ್ಸ್ ಪರ್ವತವನ್ನು ದಾಟುವಷ್ಟರಲ್ಲಿ ಒಂದೇ ಅಂಗವು ವೀರನಿಂದ ಹೇಡಿಗೆ ವರ್ಗಾವಣೆಯಾಗಿದೆ.

ಗ್ರೀಕರೂ ಹೇಪರ್ ಶಬ್ದವನ್ನು ದಿನಬಳಕೆಯಿಂದ ಕೈಬಿಟ್ಟು, ಅಂಜೂರದಿಂದ ಹುಟ್ಟಿದ 'ಸಿಕೋತಿ' ಎಂಬುದನ್ನೇ ಇಂದು ಆಡುತ್ತಾರೆ. ಹಳೆಯದು ವೈದ್ಯರ ಪಾಲಾಗಿ, ಹೆಪಟೈಟಿಸ್ ಎಂಬ ರೋಗದ ಹೆಸರಿನಲ್ಲಿ ಲೋಕವನ್ನೆಲ್ಲ ಸುತ್ತುತ್ತಿದೆ. ಹೀಗೆ ಮೂವರು ಸೋದರರಲ್ಲಿ ಯೆಕುರ್ ಅಳಿಯಿತು, ಹೇಪರ್ ಆಸ್ಪತ್ರೆಯನ್ನು ಸೇರಿತು. ಮೂರನೆಯದಾದ ಯಕೃತ್ ಎಂಬುದು ಆ ಕುಲಕ್ಕೇ ಸೇರದ ನಮ್ಮ ಕನ್ನಡದ ಆಶ್ರಯಕ್ಕೆ ಬಂದು, ಜಗತ್ ಎಂಬುದು ಜಗತ್ತೆಂದೂ ವಿದ್ಯುತ್ ಎಂಬುದು ವಿದ್ಯುತ್ತೆಂದೂ ಆದ ಹಾಗೆ, ಉಕಾರವನ್ನು ಸೇರಿಸಿಕೊಂಡು ಯಕೃತ್ತೆಂದಾಗಿ, ಯಕ್ನಃ ಎಂಬ ಕುಂಟನ್ನು ಊರ ಹೊರಗೇ ಬಿಟ್ಟು, ಯಕೃತ್ತಿನಿಂದ, ಯಕೃತ್ತಿಗೆ ಎಂದು ಎಲ್ಲ ವಿಭಕ್ತಿಗಳಲ್ಲಿಯೂ ನೆಟ್ಟಗೆ ನಡೆಯುತ್ತಿದೆ. ಆದರೆ ಅದರ ನಡಗೆಯೆಲ್ಲ ಪುಸ್ತಕದ ಹಾಳೆಯ ಮೇಲೆ. ಮಾಂಸದಂಗಡಿಯ ಮುಂದೆ ನಿಂತು ಯಕೃತ್ತು ಕೊಡಿ ಎಂದವನನ್ನು ಅಂಗಡಿಯವನು ಮೇಲಿಂದ ಕೆಳಗೆ ನೋಡಿಯಾನು. ಅಲ್ಲಿ ನಡೆಯುವ ಮಾತು ಲಿವರ್. ಮೊನ್ನೆ ಕಾಮಾಲೆಯ ವಿಷಯವಾಗಿ ಅಚ್ಚಾದ ಕನ್ನಡದ ಕರಪತ್ರವೊಂದು ನನ್ನ ಕೈಗೆ ಬಂದಿತು. ಅದನ್ನು ಬರೆದವರು 'ಯಕೃತ್ತು' ಎಂದು ಶುದ್ಧವಾಗಿ ಬರೆದು, ಓದುವವರಿಗೆ ಎಲ್ಲಿ ತಿಳಿಯದೆ ಹೋಗುವುದೋ ಎಂದು, ಅದರ ಮಗ್ಗುಲಲ್ಲಿಯೇ ಕಂಸದೊಳಗೆ 'ಲಿವರ್' ಎಂದು ಸೇರಿಸಿದ್ದರು.